ದಪ್ಪ ದುಂಡು ಫಾಂಟು: ಪದೇ ಪದೇ ಕೇಳುವ ಪ್ರಶ್ನೆಗಳು

'ಸ್ವಲ್ಪ ಫ್ರೆಂಡ್ಲಿಯಾಗಿರಲಿ' ಎಂದು ಯಾರಾದರೂ ಹೇಳಿದರೆ ಸಾಕು, ತುದಿ ದುಂಡಗಿರುವ ದಪ್ಪ ಅಕ್ಷರ ಬಂದು ಕೂರುತ್ತದೆ. ಲೋಗೋ, ಬೋರ್ಡು, ಪ್ಯಾಕೆಟ್ಟು, ಆ್ಯಪ್‌ನ ಮೊದಲ ಸ್ಕ್ರೀನು, ಎಲ್ಲೆಲ್ಲೂ ಅದೇ. ದಿನವಿಡೀ ಅಕ್ಷರಗಳ ಜೊತೆಗೇ ಕೆಲಸ ಮಾಡುವ ನನ್ನನ್ನು ಜನ ಈ ಬಗ್ಗೆ ಕೇಳುತ್ತಲೇ ಇರುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉದ್ದ ಆಗಿವೆ, ಕೆಲವಕ್ಕೆ ಒಂದೆರಡು ಮಾತು ಸಾಕಾಯಿತು.

ದುಂಡು ಸ್ಯಾನ್ಸ್ ಸೆರಿಫ್ ಅಂದರೆ ಏನು?

ಅಕ್ಷರದ ಗೆರೆ ಮುಗಿಯುವ ಕಡೆ ಚಿಕ್ಕ ಪಾದದಂಥದ್ದು ಇದ್ದರೆ ಅದು ಸೆರಿಫ್. ಪಾದ ಇಲ್ಲದೆ ಗೆರೆ ಅಲ್ಲೇ ನಿಂತರೆ ಸ್ಯಾನ್ಸ್ ಸೆರಿಫ್. ಆ ತುದಿ ಕತ್ತರಿಸಿದ ಹಾಗೆ ಚಪ್ಪಟೆಯಾಗಿರದೆ, ಮಾರ್ಕರ್ ಪೆನ್ನಲ್ಲಿ ಎಳೆದ ಗೆರೆಯ ಹಾಗೆ ದುಂಡಗಿದ್ದರೆ ದುಂಡು ಸ್ಯಾನ್ಸ್.

ಇದರಲ್ಲೂ ಎರಡು ಜಾತಿ ಇದೆ. ಒಂದರಲ್ಲಿ ತುದಿ ಪೂರ್ತಿ ಅರ್ಧ ವೃತ್ತ. ಇನ್ನೊಂದರಲ್ಲಿ ಮೂಲೆ ಮಾತ್ರ ಸ್ವಲ್ಪ ಸವೆದ ಹಾಗೆ, ಬಹಳ ದಿನ ಕೈಯಲ್ಲಿ ಓಡಾಡಿದ ನಾಣ್ಯದಂತೆ. ಮೊದಲನೆಯದು ಆಟದ ದನಿ, ಎರಡನೆಯದು ಮೆತ್ತಗಿನ ದನಿ. ಗಿರಾಕಿ 'ರೌಂಡೆಡ್ ಬೇಕು' ಎಂದಾಗ ಇವೆರಡರಲ್ಲಿ ಯಾವುದು ಎಂದು ಮೊದಲೇ ಕೇಳಿಬಿಡಿ. ಅರ್ಧ ಜಗಳ ಅಲ್ಲೇ ತಪ್ಪುತ್ತದೆ.

ಇಂಥ ಅಕ್ಷರ ಬಂದಿದ್ದು ಎಲ್ಲಿಂದ? ಕಂಪ್ಯೂಟರ್ ಕಾಲದ ಫ್ಯಾಷನ್ನಾ?

ಅಲ್ಲ. ದುಂಡು ತುದಿ ಬಂದಿದ್ದು ಕೈಯಲ್ಲಿದ್ದ ಸಲಕರಣೆಯಿಂದ. ದುಂಡು ಮೊನೆಯ ಪೆನ್ನಲ್ಲಿ ಬರೆದರೆ ಗೆರೆಯ ತುದಿ ತಾನಾಗಿಯೇ ದುಂಡಗೆ ಬರುತ್ತದೆ. ಲೋಹದ ಫಲಕದ ಮೇಲೆ ಗಿರಗಿರ ತಿರುಗುವ ಕಟ್ಟರ್‌ನಲ್ಲಿ ಕೊರೆದರೂ ಹಾಗೇ, ಗಾಜಿನ ಕೊಳವೆ ಬಗ್ಗಿಸಿ ನಿಯಾನ್ ಅಕ್ಷರ ಮಾಡಿದರೂ ಹಾಗೇ. ಹಳೆಯ ಎಂಜಿನಿಯರಿಂಗ್ ಡ್ರಾಯಿಂಗ್‌ಗಳ ಅಕ್ಷರ ನೋಡಿ. ಯಾರೂ ಸ್ನೇಹ ತೋರಿಸಲು ಹೊರಟಿರಲಿಲ್ಲ, ಸ್ಟೆನ್ಸಿಲ್ ಹಿಡಿದ ಪೆನ್ನು ಹಾಗೆ ಬರೆಯಿತು, ಅಷ್ಟೇ.

ಇದನ್ನು ಬೇಕೆಂದೇ ಆಟದ ದನಿಗೆ ಬಳಸಿಕೊಂಡಿದ್ದು ಆಮೇಲೆ. ಉಜ್ಜಿ ಅಂಟಿಸುವ ಅಕ್ಷರದ ಹಾಳೆ ಮಾಡುತ್ತಿದ್ದ ಲೆಟ್ರಾಸೆಟ್ 1970ರಲ್ಲಿ 'ಫ್ರಾಂಕ್‌ಫರ್ಟರ್' ಎಂಬ ದಪ್ಪ ಅಕ್ಷರ ತಂದಿತು. ಅದು ಒಂದು ಸಾಸೇಜಿನ ಹೆಸರು. ಅಕ್ಷರ ನೋಡಿದರೆ ಯಾಕೆ ಆ ಹೆಸರು ಎಂದು ಕೇಳಬೇಕಾಗಿಲ್ಲ. 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗಾಗಿ 'ವಿಎಜಿ ರೌಂಡೆಡ್' ಬಂತು. ನೀವು ಇದರ ಮೇಲೆ ಬೆರಳಿಟ್ಟೇ ಇರಬಹುದು. ಆಪಲ್ ಕೀಬೋರ್ಡುಗಳ ಮೇಲೆ ಬಹಳ ವರ್ಷ ಇದ್ದಿದ್ದು ಇದೇ. 2015ರ ಮ್ಯಾಕ್‌ಬುಕ್‌ನಿಂದ ಆ ಜಾಗಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಎಂಬ ಆಪಲ್‌ನದೇ ಫಾಂಟು ಬಂತು.

1922ರ ಕೂಪರ್ ಬ್ಲ್ಯಾಕ್ ಅನ್ನೂ ಬಹಳ ಜನ ಇದೇ ಗುಂಪಿಗೆ ಸೇರಿಸುತ್ತಾರೆ. ಅದು ಮೆತ್ತಗೆ, ಗುಂಡಗೆ ಇದೆ, ನಿಜ. ಆದರೆ ಅದಕ್ಕೆ ಪಾದ ಇದೆ. ಹಾಗಾಗಿ ದೂರದ ನೆಂಟ.

ನೋಡಿದ ತಕ್ಷಣ ಸ್ನೇಹ ಅನ್ನಿಸುವುದು ಯಾಕೆ?

ಮನುಷ್ಯರ ಕಣ್ಣಿಗೆ ಚೂಪಿಗಿಂತ ದುಂಡು ಇಷ್ಟ ಎನ್ನುವುದಕ್ಕೆ ಒಂದಿಷ್ಟು ಆಧಾರ ಇದೆ. ಸಂಶೋಧಕರಾದ ಮೋಶೆ ಬಾರ್ ಮತ್ತು ಮೈಟಾಲ್ ನೇಟಾ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಚೂಪು ಮೂಲೆಯ ವಸ್ತುಗಳಿಗಿಂತ ಬಾಗಿದ ಅಂಚಿನವನ್ನು ಹೆಚ್ಚು ಮೆಚ್ಚಿದರು. 'ಬೂಬಾ' 'ಕಿಕಿ' ಆಟ ನಿಮಗೆ ಗೊತ್ತಿರಬಹುದು. ಒಂದು ಉಬ್ಬುಬ್ಬಿದ ಆಕಾರ, ಒಂದು ಮುಳ್ಳುಮುಳ್ಳಾದ ಆಕಾರ. ಯಾವುದರ ಹೆಸರು ಯಾವುದು ಎಂದರೆ ಹೆಚ್ಚಿನವರು ಉಬ್ಬಿದ್ದಕ್ಕೇ ಬೂಬಾ ಎನ್ನುತ್ತಾರೆ. ರಾಮಚಂದ್ರನ್ ಮತ್ತು ಹಬ್ಬರ್ಡ್ 2001ರಲ್ಲಿ ಈ ಹೆಸರುಗಳನ್ನು ಬಳಕೆಗೆ ತಂದರು. ಅದಕ್ಕೂ ಎಷ್ಟೋ ಮೊದಲು, 1929ರಲ್ಲಿ, ಮನಶ್ಶಾಸ್ತ್ರಜ್ಞ ಕೋಲರ್ ಇದೇ ಬಗೆಯ ಪ್ರಶ್ನೆ ಕೇಳಿದ್ದರು.

ಇವೆಲ್ಲ ಆಕಾರಗಳ ಮಾತು, ಫಾಂಟಿನ ಮಾತಲ್ಲ. 'ದುಂಡು ಫಾಂಟ್ ಹಾಕಿದರೆ ಮಾರಾಟ ಜಾಸ್ತಿ ಆಗುತ್ತದೆ' ಎಂದು ಯಾರಾದರೂ ಈ ಪ್ರಯೋಗ ತೋರಿಸಿ ಹೇಳಿದರೆ ಸುಮ್ನೆ ನಕ್ಕು ಮುಂದೆ ಹೋಗಿ.

ನನ್ನ ಅನುಭವ ಬೇರೆಯೇ ಹೇಳುತ್ತದೆ. ಅಕ್ಷರದ ಸ್ನೇಹ ಇರುವುದು ತುದಿಯಲ್ಲಿ ಅಲ್ಲ, ಹೊಟ್ಟೆಯಲ್ಲಿ. ಹೊಟ್ಟೆ ಅಂದರೆ ಅಕ್ಷರದ ಒಳಗೆ ಉಳಿಯುವ ಬಿಳಿ ಜಾಗ. 'ರ'ದ ಒಳಗಿನ ಗುಂಡು ಬಿಳಿ, ಇಂಗ್ಲಿಷಿನ 'ಓ'ದ ತೂತು. ಅದು ಅಗಲವಾಗಿ, ನಿರಾಳವಾಗಿ ಇದ್ದರೆ ಅಕ್ಷರ ನಗುತ್ತದೆ. ಅದೇ ಸೊನ್ನೆಯಷ್ಟು ಚಿಕ್ಕದಾದರೆ ತುದಿ ಎಷ್ಟೇ ದುಂಡಗಿರಲಿ, ಉಸಿರು ಕಟ್ಟಿದ ಹಾಗೆ ಕಾಣುತ್ತದೆ. ಮುಂದೆ ಎಷ್ಟೋ ಪ್ರಶ್ನೆಗಳಿಗೆ ಈ ಹೊಟ್ಟೆಯೇ ಉತ್ತರ.

ಮಕ್ಕಳಾಟದ ಹಾಗೆ ಕಾಣುವುದಿಲ್ವಾ?

ಕಾಣಬಹುದು. 1994ರ ಕಾಮಿಕ್ ಸ್ಯಾನ್ಸ್ ನೆನಪಾಗಿಯೇ ಜನ ಹೆದರುತ್ತಾರೆ. ಆದರೆ ಅದು ಕೈಬರಹದ ಅನುಕರಣೆ. ಗೆರೆಗಳು ಬೇಕೆಂದೇ ಸ್ವಲ್ಪ ಓಲಾಡುತ್ತವೆ. ಒಳ್ಳೆಯ ದುಂಡು ಸ್ಯಾನ್ಸ್‌ನಲ್ಲಿ ಓಲಾಟ ಇಲ್ಲ. ಅಸ್ಥಿಪಂಜರ ನೇರ, ತುದಿ ಮಾತ್ರ ಮೆತ್ತಗೆ.

ಮಕ್ಕಳಾಟ ಆಗುವುದು ಫಾಂಟಿನಿಂದ ಅಲ್ಲ, ಅದರ ಜೊತೆ ಸೇರಿಸುವ ಸಾಮಾನಿನಿಂದ. ಒಂದೊಂದು ಅಕ್ಷರಕ್ಕೆ ಒಂದೊಂದು ಬಣ್ಣ, ಮೇಲೆ ಬಿಳಿ ಔಟ್‌ಲೈನ್, ಕೆಳಗೆ ನೆರಳು, ಅಕ್ಷರಗಳು ಕುಣಿದಾಡುವ ಹಾಗೆ ಮೇಲೆ ಕೆಳಗೆ. ಅದೇ ಫಾಂಟನ್ನು ಒಂದೇ ಗಾಢ ಬಣ್ಣದಲ್ಲಿ, ಸುತ್ತ ಒಳ್ಳೆ ಜಾಗ ಬಿಟ್ಟು ಇಟ್ಟು ನೋಡಿ. ದೊಡ್ಡವರ ಮಾತೇ ಆಡುತ್ತದೆ.

ಹಾಗಾದರೆ ಎಲ್ಲಿ ಬಳಸಬಾರದು?

ನೋವು, ನಷ್ಟ, ಎಚ್ಚರಿಕೆ, ಕಾನೂನು. ಇವುಗಳ ಹತ್ತಿರ ಬೇಡ. 'ನಿಮ್ಮ ಖಾತೆ ಮುಚ್ಚಲಾಗಿದೆ' ಎಂಬ ಮಾತನ್ನು ಗುಂಡುಗುಂಡಾದ ಅಕ್ಷರದಲ್ಲಿ ಓದಿದರೆ ಯಾರೋ ಬೆನ್ನ ಹಿಂದೆ ನಕ್ಕ ಹಾಗಾಗುತ್ತದೆ. ಬ್ರ್ಯಾಂಡಿಗೆ ದುಂಡು ಫಾಂಟು ಆರಿಸುವಾಗ ಅದರ ಕೆಟ್ಟ ದಿನದ ಸಂದೇಶವನ್ನೂ ಒಮ್ಮೆ ಅದೇ ಫಾಂಟಿನಲ್ಲಿ ಟೈಪ್ ಮಾಡಿ ನೋಡಿ. ಹೊಂದದಿದ್ದರೆ ಅಂಥ ಮಾತಿಗೆ ಬೇರೆ ಫಾಂಟು ಈಗಲೇ ಗೊತ್ತು ಮಾಡಿಟ್ಟುಕೊಳ್ಳಿ.

ಇಡೀ ಪ್ಯಾರಾವನ್ನು ಇದರಲ್ಲೇ ಹಾಕಬಹುದಾ?

ಬೇಡ. ಇದು ನಾಲ್ಕೈದು ಪದ ಹೇಳಿ ಸುಮ್ಮನಾಗುವ ಫಾಂಟು.

ಕಾರಣ ಸರಳ. ಅಕ್ಷರ ದಪ್ಪವಾದಷ್ಟೂ ಹೊಟ್ಟೆ ಚಿಕ್ಕದಾಗುತ್ತದೆ. ದೊಡ್ಡ ಸೈಜಿನಲ್ಲಿ ಅದು ಕಾಣುತ್ತದೆ, ಚಿಕ್ಕದರಲ್ಲಿ ಮುಚ್ಚಿಹೋಗುತ್ತದೆ. ತುದಿಯ ದುಂಡೂ ಅಷ್ಟೇ. ಪರದೆಯ ಮೇಲೆ ಗೆರೆಯ ದಪ್ಪವೇ ಎರಡು ಪಿಕ್ಸೆಲ್ ಇದ್ದರೆ ಅದರ ತುದಿಯಲ್ಲಿ ಏನು ದುಂಡು ಕಂಡೀತು? ಸ್ವಲ್ಪ ಮಸುಕು ಕಾಣುತ್ತದೆ, ಅಷ್ಟೇ. ದುಂಡಿಗಾಗಿ ಆರಿಸಿಕೊಂಡ ಫಾಂಟಿನಲ್ಲಿ ದುಂಡೇ ಕಾಣದಿದ್ದರೆ ಏನು ಬಂತು?

ಇಂಗ್ಲಿಷಿನಲ್ಲಿ ಇನ್ನೊಂದು ತೊಂದರೆ ಇದೆ. ದೊಡ್ಡ 'ಐ', ಚಿಕ್ಕ 'ಎಲ್', ಒಂದು ಎಂಬ ಅಂಕಿ, ಕೆಲವು ಫಾಂಟುಗಳಲ್ಲಿ ಮೂರೂ ನಿಲ್ಲಿಸಿಟ್ಟ ಕ್ಯಾಪ್ಸೂಲ್ ಮಾತ್ರೆಯ ಹಾಗೆ ಕಾಣುತ್ತವೆ. ಕೂಪನ್ ಕೋಡ್, ಪಾಸ್‌ವರ್ಡ್, ಸೀರಿಯಲ್ ನಂಬರ್ ಇದರಲ್ಲಿ ಹಾಕಿದರೆ ಜನ ನಿಮ್ಮನ್ನು ಬೈದುಕೊಳ್ಳುತ್ತಾರೆ.

ಫಾಂಟ್ ಇದೆ, ಅದರಲ್ಲಿ ಬೋಲ್ಡ್ ಇಲ್ಲ. ಸಾಫ್ಟ್‌ವೇರ್‌ನ ಬೋಲ್ಡ್ ಬಟನ್ ಒತ್ತಿದರೆ ಆಗುವುದಿಲ್ವಾ?

ಇದಕ್ಕೆ ಒಂದು ಕತೆ ಹೇಳಲೇಬೇಕು. ಹಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ ಪೋಸ್ಟರ್ ಮಾಡಿಕೊಟ್ಟಿದ್ದೆ. ಶೀರ್ಷಿಕೆಯಲ್ಲಿ 'ಧನ ಸಂಗ್ರಹ' ಎಂದಿತ್ತು. ನನ್ನ ಹತ್ತಿರ ಇದ್ದದ್ದು ಆ ಫಾಂಟಿನ ರೆಗ್ಯುಲರ್ ಮಾತ್ರ. ದಪ್ಪ ಬೇಕಿತ್ತು. ಬಟನ್ ಒತ್ತಿದೆ. ಸಾಲದು ಎಂದು ಅದೇ ಬಣ್ಣದ ಔಟ್‌ಲೈನನ್ನೂ ಸುತ್ತಿದೆ. ನನ್ನ ಪರದೆಯಲ್ಲಿ ಚೆನ್ನಾಗಿಯೇ ಇತ್ತು. ಅಚ್ಚಾಗಿ ಬಂದ ಮೇಲೆ ಹತ್ತು ಹೆಜ್ಜೆ ದೂರ ನಿಂತು ನೋಡಿದೆ. 'ಧ'ದ ಕೆಳಗಿನ ಆ ಪುಟ್ಟ ಸೀಳು ಮಸಿಯಲ್ಲಿ ಮುಳುಗಿಹೋಗಿತ್ತು. ಗೋಡೆಯ ಮೇಲೆ 'ದನ ಸಂಗ್ರಹ' ಎಂದು ದೊಡ್ಡದಾಗಿ ನಿಂತಿತ್ತು. ತಪ್ಪು ಪೂರ್ತಿ ನನ್ನದೇ.

ಆ ಬಟನ್ ಮಾಡುವುದಿಷ್ಟೇ: ಗೆರೆಯನ್ನು ಎಲ್ಲ ಕಡೆಗೂ ಒಂದೇ ಸಮ ಊದಿಸುತ್ತದೆ. ಹೊರಗೂ ಊದುತ್ತದೆ, ಒಳಗೂ ಊದುತ್ತದೆ. ಒಳಗೆ ಊದಿದರೆ ಹೊಟ್ಟೆ ಮುಚ್ಚುತ್ತದೆ. ನಿಜವಾದ ಬೋಲ್ಡ್ ಮಾಡುವವರು ಗೆರೆ ದಪ್ಪ ಮಾಡುವಾಗ ಅಕ್ಷರವನ್ನೂ ಅಗಲ ಮಾಡುತ್ತಾರೆ, ಇಕ್ಕಟ್ಟಿರುವ ಕಡೆ ಗೆರೆಯನ್ನು ಬೇಕೆಂದೇ ತೆಳು ಮಾಡುತ್ತಾರೆ. ಬಟನ್ನಿಗೆ ಅದೆಲ್ಲ ಗೊತ್ತಿಲ್ಲ.

ವೆಬ್‌ನಲ್ಲಿ ಬ್ರೌಸರ್ ಕೂಡ ಇದೇ ಕೆಲಸವನ್ನು ನಿಮಗೆ ಹೇಳದೆ ಮಾಡುತ್ತದೆ. ಬೋಲ್ಡ್ ಫೈಲ್ ಕೊಡದೆ ಬೋಲ್ಡ್ ಕೇಳಿದರೆ ತಾನೇ ಊದಿಸಿ ತೋರಿಸುತ್ತದೆ. ಪುಟ ಹೇಗೆ ಕಾಣಬೇಕೆಂದು ಬರೆಯುವ ಸಿಎಸ್‌ಎಸ್‌ನಲ್ಲಿ ಫಾಂಟ್ ಸಿಂಥೆಸಿಸ್ ಎಂಬ ಗುಣವನ್ನು 'ನನ್', ಅಂದರೆ 'ಏನೂ ಬೇಡ', ಎಂದಿಟ್ಟರೆ ಇದು ನಿಲ್ಲುತ್ತದೆ.

ಕನ್ನಡ ಅಕ್ಷರ ಹುಟ್ಟಾ ದುಂಡಗಿದೆಯಲ್ಲ. ಮತ್ತೆ ದುಂಡು ಫಾಂಟ್ ಯಾಕೆ?

ಒಳ್ಳೆಯ ಪ್ರಶ್ನೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಅರ್ಧಕ್ಕರ್ಧ ಬರೀ ನೆಟ್ಟನೆ ಗೆರೆಗಳು. ತುದಿ ದುಂಡು ಮಾಡಿದ ಕೂಡಲೇ ಅವುಗಳ ಸ್ವಭಾವವೇ ಬದಲಾಗುತ್ತದೆ. ಕನ್ನಡದ ಮೈಯೇ ದುಂಡು. ಇಲ್ಲಿ ತುದಿ ದುಂಡು ಮಾಡಿದರೆ ಸಿಗುವ ಲಾಭ ಸ್ವಲ್ಪ. ತಲೆಕಟ್ಟಿನ ತುದಿ, ಕೊಂಬಿನ ತುದಿ, ದೀರ್ಘದ ಸುರುಳಿಯ ತುದಿ, ಇಷ್ಟರಲ್ಲೇ ಅದು ಕಾಣಬೇಕು.

ಕನ್ನಡದಲ್ಲಿ ನಿಜವಾದ ಪರೀಕ್ಷೆ ದಪ್ಪದ್ದು. 'ಠ' ತೆಗೆದುಕೊಳ್ಳಿ. ಒಂದು ಗುಂಡು, ಅದರ ಹೊಟ್ಟೆಯೊಳಗೆ ಒಂದು ಚುಕ್ಕೆ. ಗೆರೆ ದಪ್ಪ ಮಾಡುತ್ತಾ ಹೋದರೆ ಗುಂಡಿನ ಒಳಗಿನ ಜಾಗ ಕುಗ್ಗುತ್ತದೆ, ಚುಕ್ಕೆಯೋ ಹಿಗ್ಗುತ್ತದೆ. ಒಂದು ಹಂತದಲ್ಲಿ ಎರಡೂ ಒಂದಾಗಿ ಕರಿ ಉಂಡೆ. ಹಾಗಾಗದಿರಲು ಚುಕ್ಕೆಯನ್ನು ಉಳಿದ ಗೆರೆಗಿಂತ ಸಣ್ಣದಾಗಿಯೇ ಇಡಬೇಕು, ಗುಂಡನ್ನು ಸ್ವಲ್ಪ ಅಗಲ ಮಾಡಬೇಕು. ದ-ಧ, ಡ-ಢ, ಪ-ಫ ಜೋಡಿಗಳನ್ನು ಬೇರೆ ಮಾಡುವುದೂ ಕೆಳಗಿನ ಒಂದು ಸಣ್ಣ ಸೀಳು. ದಪ್ಪ ಫಾಂಟಿನಲ್ಲಿ ಅದನ್ನು ಉಳಿಸಿಕೊಳ್ಳಲು ಮಾಡಿದವರು ಎಷ್ಟು ಒದ್ದಾಡಿದ್ದಾರೆ ಎಂಬುದರಲ್ಲೇ ಫಾಂಟಿನ ಗುಣ ಗೊತ್ತಾಗುತ್ತದೆ. ಅನುಸ್ವಾರದ ಸೊನ್ನೆಯನ್ನೂ ನೋಡಿ. ಅದರ ನಡುವೆ ಬಿಳಿ ಉಳಿದಿದೆಯಾ, ಅಥವಾ ಅದು ಬರೀ ಚುಕ್ಕೆ ಆಗಿದೆಯಾ?

ಇನ್ನು ಒತ್ತಕ್ಷರ. ಅದು ಮೊದಲೇ ಚಿಕ್ಕದು, ದಪ್ಪ ಮಾಡಲು ಜಾಗವೇ ಇಲ್ಲ. ಒಳ್ಳೆ ಫಾಂಟಿನಲ್ಲಿ ಒತ್ತಿನ ಗೆರೆ ಮೇಲಿನ ಅಕ್ಷರಕ್ಕಿಂತ ಒಂದು ಎಳೆ ತೆಳುವಾಗಿರುತ್ತದೆ, ಆದರೂ ಹಾಗೆ ಕಾಣುವುದಿಲ್ಲ. ಸಮ ದಪ್ಪ ಇಟ್ಟರೆ ಒತ್ತೇ ಭಾರವಾಗಿ ಇಡೀ ಪದ ಕೆಳಕ್ಕೆ ಜಗ್ಗಿದ ಹಾಗೆ ಕಾಣುತ್ತದೆ.

ಕನ್ನಡದಲ್ಲಿ ಇಂಥ ಫಾಂಟ್ ಯಾವುದಿದೆ?

ಮೊದಲು ನೆನಪಾಗುವುದು ಬಾಲೂ ತಮ್ಮ. ಏಕ್ ಟೈಪ್ ತಂಡ ಮಾಡಿದ ಬಾಲೂ ಕುಟುಂಬದ ಕನ್ನಡ ಸದಸ್ಯ. ತಮಿಳಿಗೆ ಬಾಲೂ ತಂಬಿ, ಮಲಯಾಳಕ್ಕೆ ಬಾಲೂ ಚೇಟ್ಟನ್, ತೆಲುಗಿಗೆ ಬಾಲೂ ತಮ್ಮುಡು. ಫಾಂಟಿಗೆ ಇಷ್ಟು ಸಲಿಗೆಯ ಹೆಸರು ನಾನು ಬೇರೆಲ್ಲೂ ನೋಡಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲು ಒಂದೇ ದಪ್ಪದಲ್ಲಿತ್ತು. ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾ ಬೋಲ್ಡ್‌ವರೆಗೆ ಐದು ದಪ್ಪ ಇವೆ. ಜೊತೆಗಿನ ಇಂಗ್ಲಿಷ್ ಅಕ್ಷರಗಳೂ ಅದೇ ಮೈಕಟ್ಟಿನವು. ಎರಡು ಭಾಷೆಯ ಲೋಗೋ ಮಾಡುವವರಿಗೆ ಇದು ದೊಡ್ಡ ಉಪಕಾರ.

ಇಂಗ್ಲಿಷಿಗೆ ಮಾತ್ರ ಸಾಕೆಂದರೆ ಆಯ್ಕೆ ಬೇಕಾದಷ್ಟಿದೆ. ನುನಿಟೊ, ಫ್ರೆಡೊಕಾ, ವರೇಲಾ ರೌಂಡ್, ಕ್ವಿಕ್‌ಸ್ಯಾಂಡ್ ಎಲ್ಲ ಉಚಿತ. ಇವುಗಳಲ್ಲಿ ನಿಜವಾಗಿ ದಪ್ಪ ಡಿಸ್‌ಪ್ಲೇ, ಅಂದರೆ ದೊಡ್ಡದಾಗಿ ಶೀರ್ಷಿಕೆಗೆ ಬಳಸುವ ಫಾಂಟು, ಎನ್ನಬಹುದಾದದ್ದು ಫ್ರೆಡೊಕಾ. ನುನಿಟೊದ ಅತಿ ದಪ್ಪ ತೂಕವೂ (ಗೆರೆಯ ದಪ್ಪಕ್ಕೆ ನಾವು ತೂಕ ಎನ್ನುತ್ತೇವೆ) ಕೆಲಸಕ್ಕೆ ಬರುತ್ತದೆ. ಕ್ವಿಕ್‌ಸ್ಯಾಂಡ್ ನನಗೆ ಯಾವಾಗಲೂ ಸ್ವಲ್ಪ ತೆಳ್ಳಗೆ ಅನ್ನಿಸುತ್ತದೆ. ಈ ನಾಲ್ಕರಲ್ಲೂ ಕನ್ನಡ ಇಲ್ಲ.

ಕನ್ನಡ ಇಲ್ಲದ ಫಾಂಟಿನಲ್ಲಿ ಕನ್ನಡ ಟೈಪ್ ಮಾಡಿದೆ. ಏನೋ ಒಂದು ಬಂತಲ್ಲ?

ಬಂದದ್ದು ಬೇರೆ ಫಾಂಟು. ನೀವು ಕೇಳಿದ್ದರಲ್ಲಿ ಅಕ್ಷರ ಇಲ್ಲದಿದ್ದರೆ ಸಿಸ್ಟಮ್ ತನ್ನಲ್ಲಿರುವ ಕನ್ನಡ ಫಾಂಟ್ ತಂದು ತುಂಬುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂದು, ಗಿರಾಕಿಯ ಫೋನಿನಲ್ಲಿ ಇನ್ನೊಂದು. ಅದೂ ಸಿಗದಿದ್ದರೆ ಬರೀ ಚೌಕದ ಡಬ್ಬಿಗಳು.

ಒತ್ತಕ್ಷರ ಬಿಡಿಬಿಡಿಯಾಗಿ ಬರುತ್ತಿದೆ. ಫಾಂಟ್ ಹಾಳಾಗಿದೆಯಾ?

ಬಹುಪಾಲು ಫಾಂಟಿನದಲ್ಲ, ಸೆಟ್ಟಿಂಗಿನ ತಪ್ಪು. ಕ, ಅರ್ಧಾಕ್ಷರದ ಗುರುತು, ಷ, ಈ ಮೂರನ್ನೂ ಸೇರಿಸಿ 'ಕ್ಷ' ಮಾಡುವುದು ಶೇಪಿಂಗ್ ಎಂಜಿನ್‌ನ ಕೆಲಸ. ಬ್ರೌಸರ್‌ಗಳಲ್ಲಿ ಅದು ತಾನಾಗಿ ಆಗುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಬೇಕು. ಇಲಸ್ಟ್ರೇಟರ್‌ನಲ್ಲಿ ಟೈಪ್ ಪ್ರಿಫರೆನ್ಸ್‌ನಲ್ಲಿ ಇಂಡಿಕ್ ಆಪ್ಷನ್ಸ್ ಆನ್ ಮಾಡಬೇಕು.

ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಬೇರೆ ಕಾಯಿಲೆ. ಪಠ್ಯ ಹಳೆಯ ಎನ್‌ಕೋಡಿಂಗ್‌ನಲ್ಲಿ, ಅಂದರೆ ಅಕ್ಷರಗಳಿಗೆ ಸಂಕೇತ ಕೊಡುವ ಹಳೆಯ ಪದ್ಧತಿಯಲ್ಲಿ, ಟೈಪ್ ಆಗಿದೆ ಎಂದರ್ಥ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಫಾಂಟ್ ಹಾಕಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಓದಿ. ತಪ್ಪು ಹೆಚ್ಚಾಗಿ ಅಡಗುವುದು ಅಲ್ಲೇ.

ಅಕ್ಷರಗಳ ನಡುವೆ, ಸಾಲುಗಳ ನಡುವೆ ಎಷ್ಟು ಜಾಗ ಬಿಡಬೇಕು?

ಡಿಸ್‌ಪ್ಲೇ ಫಾಂಟುಗಳನ್ನು ಮೊದಲೇ ಒತ್ತೊತ್ತಾಗಿ ಕೂರಿಸಿರುತ್ತಾರೆ, ದೊಡ್ಡದಾಗಿ ಬಳಸಲಿ ಎಂದು. ದೊಡ್ಡ ಬೋರ್ಡಿಗೆ ಹಾಗೇ ಬಿಡಿ ಅಥವಾ ಒಂದು ಕೂದಲೆಳೆ ಬಿಗಿ ಮಾಡಿ. ಚಿಕ್ಕದಾಗಿ ಬಳಸಲೇಬೇಕಾಗಿ ಬಂದರೆ ಸ್ವಲ್ಪ ಸಡಿಲ ಮಾಡಿ. ಅಳತೆಗೋಲು ಒಂದೇ: ಅಕ್ಷರಗಳ ನಡುವಿನ ಬಿಳಿ, ಹೊಟ್ಟೆಯೊಳಗಿನ ಬಿಳಿ, ಎರಡೂ ಹೆಚ್ಚುಕಮ್ಮಿ ಒಂದೇ ತೂಕ ಇರಬೇಕು.

ಕನ್ನಡದಲ್ಲಿ ಸಡಿಲ ಮಾಡುವಾಗ ಹುಷಾರು. ಕೆಲವು ಸಾಫ್ಟ್‌ವೇರ್‌ನಲ್ಲಿ 'ಕೀ' ಎಂಬುದರ ದೀರ್ಘ ದೂರ ಹೋಗಿ ಒಂಟಿಯಾಗಿ ನಿಲ್ಲುತ್ತದೆ.

ಸಾಲುಗಳ ನಡುವಿನ ಜಾಗ ಇಂಗ್ಲಿಷಿನ ಲೆಕ್ಕದಲ್ಲಿ ಇಟ್ಟರೆ ಕನ್ನಡದಲ್ಲಿ ಕೆಟ್ಟಿತು. ಎರಡು ಸಾಲಿನ ಇಂಗ್ಲಿಷ್ ಶೀರ್ಷಿಕೆಗೆ ಸೈಜಿನ 1.1 ಪಟ್ಟು ಸಾಕು. ಕನ್ನಡದಲ್ಲಿ ಮೇಲಿನ ಸಾಲಿನ 'ಷ್ಟ್ರ' ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಡಿಕ್ಕಿ ಹೊಡೆಯುತ್ತದೆ. ನಾನು 1.4ರಿಂದ ಶುರು ಮಾಡಿ ಕಣ್ಣಲ್ಲೇ ನೋಡಿ ಸರಿ ಮಾಡುತ್ತೇನೆ. ಕೆಲವೊಮ್ಮೆ ಪದಗಳನ್ನು ಬೇರೆ ಕಡೆ ಮುರಿದರೆ ಡಿಕ್ಕಿಯೇ ತಪ್ಪುತ್ತದೆ.

ಇಟಾಲಿಕ್ ಮಾಡಬಹುದಾ?

ಬೇಡ. ಗುಂಡಗಿರುವುದನ್ನು ವಾಲಿಸಿದರೆ ಉರುಳಿ ಬೀಳುವ ಹಾಗೆ ಕಾಣುತ್ತದೆ. ಕನ್ನಡದಲ್ಲಂತೂ ಬೇಡವೇ ಬೇಡ.

ಜೊತೆಗೆ ಓದುವ ಪಠ್ಯಕ್ಕೆ ಯಾವ ಫಾಂಟ್ ಹಾಕಲಿ?

ಸಪ್ಪೆಯಾದದ್ದು. ನಿಜವಾಗಿ ಹೇಳುತ್ತಿದ್ದೇನೆ. ಒಬ್ಬರು ಜೋರಾಗಿ ನಗುತ್ತಿದ್ದರೆ ಪಕ್ಕದವರು ಸುಮ್ಮನಿರಬೇಕು. ಕನ್ನಡಕ್ಕೆ ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡ ಸಾಕು. ದುಂಡು ಶೀರ್ಷಿಕೆಯ ಕೆಳಗೆ ಇನ್ನೊಂದು ದುಂಡು ಫಾಂಟಿನ ತೆಳು ತೂಕ ಹಾಕುವುದು ಬಹಳ ಜನ ಮಾಡುವ ತಪ್ಪು. ಒಂದೇ ತರಹ ಇದೆ, ಆದರೆ ಒಂದೇ ಅಲ್ಲ. ಓದುವವರಿಗೆ ಏನೋ ಕಿರಿಕಿರಿ, ಏನೆಂದು ಹೇಳಲಾಗದು. ಒಂದೇ ಕುಟುಂಬದ ತೆಳು ತೂಕ ಆದರೆ ಪರವಾಗಿಲ್ಲ.

ಬಣ್ಣದ ಬಗ್ಗೆ ಏನಾದರೂ ನಿಯಮ ಇದೆಯಾ?

ದಪ್ಪ ಅಕ್ಷರಕ್ಕೆ ಸ್ವಲ್ಪ ರಿಯಾಯಿತಿ ಸಿಗುತ್ತದೆ. ವೆಬ್ ಸುಗಮ್ಯತೆಯ ಡಬ್ಲ್ಯುಸಿಎಜಿ ನಿಯಮದ ಎಎ ಮಟ್ಟದಲ್ಲಿ ಸಾಮಾನ್ಯ ಪಠ್ಯಕ್ಕೂ ಹಿನ್ನೆಲೆಗೂ 4.5:1 ಕಾಂಟ್ರಾಸ್ಟ್, ಅಂದರೆ ಬೆಳಕಿನ ವ್ಯತ್ಯಾಸ, ಬೇಕು. 18 ಪಾಯಿಂಟ್, ಅಥವಾ ಬೋಲ್ಡ್ ಆಗಿದ್ದರೆ 14 ಪಾಯಿಂಟ್ ಮತ್ತು ಅದಕ್ಕಿಂತ ದೊಡ್ಡ ಅಕ್ಷರಕ್ಕೆ 3:1 ಸಾಕು. ಹಾಗೆಂದು ಬಿಳಿ ಮೇಲೆ ತಿಳಿ ಹಳದಿ ಹಾಕಬೇಡಿ. ಎಷ್ಟು ದಪ್ಪ ಇದ್ದರೂ ಕಾಣುವುದಿಲ್ಲ.

ಉಚಿತ ಫಾಂಟನ್ನು ಲೋಗೋಗೆ ಬಳಸಿದರೆ ಕೇಸ್ ಬೀಳುತ್ತದಾ?

ಲೈಸೆನ್ಸ್ ಓದಿ. ಮೇಲೆ ಹೇಳಿದ ಉಚಿತ ಫಾಂಟುಗಳು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಅದರಲ್ಲಿ ವ್ಯಾಪಾರಕ್ಕೆ ಬಳಸಬಹುದು, ಲೋಗೋ ಮಾಡಬಹುದು, ಫಾಂಟನ್ನೇ ತಿದ್ದಬಹುದು. ಫಾಂಟನ್ನು ಮಾತ್ರ ಒಂಟಿಯಾಗಿ ಮಾರುವ ಹಾಗಿಲ್ಲ. ತಿದ್ದಿದ ಫಾಂಟನ್ನು ಹಂಚುವುದಾದರೆ ಅದೇ ಲೈಸೆನ್ಸ್‌ನಲ್ಲೇ ಹಂಚಬೇಕು. ಮೂಲದ ಹೆಸರು ಕಾದಿರಿಸಿದ್ದರೆ ಹೆಸರನ್ನೂ ಬದಲಿಸಬೇಕು.

ಎಡವುವುದು ಬೇರೆ ಕಡೆ. ಡೌನ್‌ಲೋಡ್ ತಾಣಗಳಲ್ಲಿ 'ಉಚಿತ' ಎಂದು ದೊಡ್ಡದಾಗಿ ಬರೆದು 'ಸ್ವಂತ ಬಳಕೆಗೆ ಮಾತ್ರ' ಎಂದು ಚಿಕ್ಕದಾಗಿ ಬರೆದಿರುತ್ತಾರೆ. ಲೋಗೋ ಸ್ವಂತ ಬಳಕೆ ಅಲ್ಲ. ದುಡ್ಡು ಕೊಟ್ಟು ಕೊಂಡ ಫಾಂಟಿಗೂ ಕಂಪ್ಯೂಟರ್‌ಗೆ ಒಂದು, ವೆಬ್‌ಗೆ ಒಂದು, ಆ್ಯಪ್‌ಗೆ ಒಂದು ಎಂದು ಬೇರೆ ಬೇರೆ ಲೈಸೆನ್ಸ್ ಇರುವುದು ಮಾಮೂಲಿ.

ಹೆಸರು ಟೈಪ್ ಮಾಡಿದೆ. ಲೋಗೋ ಆಯ್ತಲ್ವಾ?

ಆಯ್ತು, ಆದರೆ ಅದೇ ಫಾಂಟ್ ಇರುವ ಎಲ್ಲರೂ ಅದೇ ಲೋಗೋ ಟೈಪ್ ಮಾಡಬಹುದು. ಒಂದಾದರೂ ಅಕ್ಷರವನ್ನು ನಿಮ್ಮದು ಮಾಡಿಕೊಳ್ಳಿ. ಕೊಂಬು ಸ್ವಲ್ಪ ಉದ್ದ ಎಳೆಯುವುದೋ, ಎರಡು ಅಕ್ಷರದ ತಲೆಕಟ್ಟು ಸೇರಿಸುವುದೋ. ಐದು ಕಡೆ ತಿದ್ದಿದರೆ ತಿದ್ದಿದ್ದೇ ಎದ್ದು ಕಾಣುತ್ತದೆ. ಒಂದು ಕಡೆ ಸಾಕು.

ಬೋರ್ಡು, ಸ್ಟಿಕರ್‌ಗೆ ಕಳಿಸುವಾಗ ಏನು ನೋಡಬೇಕು?

ದುಂಡು ಅಕ್ಷರಕ್ಕೆ ಇಲ್ಲಿ ಸುಖ. ಸ್ಟಿಕರ್ ಮೊದಲು ಏಳುವುದು ಚೂಪು ಮೂಲೆಯಿಂದ. ದುಂಡು ಮೂಲೆ ಬೇಗ ಏಳುವುದಿಲ್ಲ. ರೂಟರ್ ಎಂಬ ಕೊರೆಯುವ ಮೆಷಿನ್‌ನಲ್ಲಿ ಹಲಗೆ ಕೊರೆಯುವಾಗ ಬಿಟ್ ಗುಂಡಗಿರುವುದರಿಂದ ಒಳಮೂಲೆ ಚೂಪಾಗಿ ಬರುವುದೇ ಇಲ್ಲ. ಫಾಂಟೇ ದುಂಡಗಿದ್ದರೆ ಆ ತಾಪತ್ರಯ ಕಮ್ಮಿ. ಒಳಗೆ ಎಲ್‌ಇಡಿ ಇಡುವ ಅಕ್ಷರದಲ್ಲೂ ಚೂಪು ಮೂಲೆ ಕತ್ತಲಾಗಿ ಉಳಿಯುತ್ತದೆ, ದುಂಡು ತುದಿಯಲ್ಲಿ ಬೆಳಕು ಸಮನಾಗಿ ಹರಡುತ್ತದೆ.

ಎಡವಿ ಬೀಳುವ ಗುಂಡಿ ಒಂದೇ ಒಂದು ಇದೆ. ಒಂದೇ ಫೈಲಿನಲ್ಲಿ ಹಲವು ದಪ್ಪ ಇರುವ ಎಷ್ಟೋ ವೇರಿಯಬಲ್ ಫಾಂಟುಗಳಲ್ಲಿ ಅಕ್ಷರದ ತುಂಡುಗಳು ಒಂದರ ಮೇಲೊಂದು ಕೂತಿರುತ್ತವೆ. ಪರದೆಯಲ್ಲಿ ಗೊತ್ತಾಗುವುದಿಲ್ಲ. ಔಟ್‌ಲೈನ್‌ಗೆ ಪರಿವರ್ತಿಸಿ ಹಾಗೇ ಕಳಿಸಿದರೆ ಕತ್ತರಿಸುವ ಮೆಷಿನ್ ಆ ಒಳಗಿನ ಗೆರೆಗಳನ್ನೂ ಕತ್ತರಿಸುತ್ತದೆ. ಸ್ಟಿಕರ್ ಕೈಗೆ ಬಂದಾಗ ಚೂರುಚೂರು. ಕಳಿಸುವ ಮೊದಲು 'ಯುನೈಟ್' ಮಾಡಿ, ಅಂದರೆ ತುಂಡುಗಳನ್ನು ಒಂದಾಗಿ ಬೆಸೆಯಿರಿ. ಗೆರೆ ಮಾತ್ರ ತೋರಿಸುವ ಔಟ್‌ಲೈನ್ ವ್ಯೂನಲ್ಲಿ ಒಮ್ಮೆ ನೋಡಿ.

ವೆಬ್‌ಸೈಟ್ ನಿಧಾನ ಆಗುವುದಿಲ್ವಾ?

ವೆಬ್‌ಗಾಗಿ ಕುಗ್ಗಿಸಿದ ವೋಫ್ 2 ಫೈಲ್ ಬಳಸಿ, ಬೇಕಾದ ಒಂದೇ ದಪ್ಪ ಹಾಕಿ. ಕನ್ನಡ ಫಾಂಟಿನಲ್ಲಿ ಒತ್ತು, ಕಾಗುಣಿತ ಎಲ್ಲ ಸೇರಿ ಕೆಲವು ನೂರು ಚಿತ್ರಗಳಿರುತ್ತವೆ, ಹಾಗಾಗಿ ಫೈಲ್ ಇಂಗ್ಲಿಷಿಗಿಂತ ದೊಡ್ಡದು. ಸಬ್‌ಸೆಟ್ ಮಾಡುವಾಗ, ಅಂದರೆ ಬೇಡದ ಅಕ್ಷರ ತೆಗೆದು ಫೈಲ್ ಚಿಕ್ಕದು ಮಾಡುವಾಗ, ಅತಿ ಆಸೆ ಬೇಡ. ಜೋಡಣೆಯ ನಿಯಮಗಳೂ ಹಾರಿಹೋದರೆ ಒತ್ತುಗಳು ಬಿಚ್ಚಿಕೊಳ್ಳುತ್ತವೆ. ಶೀರ್ಷಿಕೆಗೆ ಮಾತ್ರ ಬಳಸುವುದಾದರೆ ಸಿಎಸ್‌ಎಸ್‌ನಲ್ಲಿ ಫಾಂಟ್ ಡಿಸ್‌ಪ್ಲೇ ಎಂಬ ಗುಣವನ್ನು 'ಸ್ವಾಪ್' ಎಂದಿಡಿ. ಫಾಂಟ್ ಬರುವವರೆಗೆ ಸಿಸ್ಟಮ್ ಅಕ್ಷರವಾದರೂ ಕಾಣುತ್ತದೆ.

ಇರುವ ಬೋಲ್ಡ್ ಫಾಂಟಿನ ಮೂಲೆ ಉಜ್ಜಿ ನಾನೇ ದುಂಡು ಫಾಂಟ್ ಮಾಡಬಹುದಾ?

ಅಭ್ಯಾಸಕ್ಕೆ ಮಾಡಿ. ಲೈಸೆನ್ಸ್ ಒಪ್ಪಿದರೆ ಮಾತ್ರ ಹಂಚಿ. ಮಾಡಿದಾಗ ಮೂರು ಅಚ್ಚರಿ ಕಾಣುತ್ತವೆ. ಒಂದು, ಅಕ್ಷರಗಳು ಗಿಡ್ಡ ಆದ ಹಾಗೆ ಕಾಣುತ್ತವೆ. ದುಂಡು ತುದಿ ಸಾಲಿನ ಗೆರೆಯನ್ನು ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ, ಕಣ್ಣಿಗೆ ಅದು ಸಾಲದು. ಅದಕ್ಕೇ ಫಾಂಟ್ ಮಾಡುವವರು ದುಂಡನ್ನು ಗೆರೆಯಿಂದ ಸ್ವಲ್ಪ ಆಚೆ ಚಾಚುತ್ತಾರೆ. 1000 ಯೂನಿಟ್ ಎತ್ತರದಲ್ಲಿ ಹತ್ತು ಹದಿನೈದು ಯೂನಿಟ್. ಎರಡು, ನೆಟ್ಟನೆ ಗೆರೆಗೆ ಪಕ್ಕಾ ಅರ್ಧ ವೃತ್ತ ಅಂಟಿಸಿದರೆ ಅದು ಅಂಟಿಸಿದ ಹಾಗೆಯೇ ಕಾಣುತ್ತದೆ. ಬಾಗು ಸ್ವಲ್ಪ ಮೊದಲೇ, ಮೆಲ್ಲಗೆ ಶುರುವಾಗಬೇಕು. ಮೂರು, ಹೊರಮೂಲೆ ದುಂಡಾದರೂ ಗೆರೆಗಳು ಸೇರುವ ಒಳಮೂಲೆ ಚೂಪಾಗಿ, ಕಪ್ಪಾಗಿ ಉಳಿಯುತ್ತದೆ. ಅಲ್ಲಿ ಗೆರೆಯನ್ನು ತೆಳು ಮಾಡಿ ಬಿಳಿಗೆ ಜಾಗ ಕೊಡಬೇಕು.

ಶುರು ಮಾಡಲು ಫಾಂಟ್‌ಫೋರ್ಜ್ ಎಂಬ ಸಾಫ್ಟ್‌ವೇರ್ ಸಾಕು, ಉಚಿತ. ಕನ್ನಡದಲ್ಲಿ 'ರ' ಬರೆಯಿರಿ, ಅದರಿಂದ 'ಠ' ಮಾಡಿ. 'ಠ' ಸರಿ ಬಂದರೆ ನಿಮ್ಮ ದಪ್ಪ ಸರಿಯಾಗಿದೆ.

ಎರಡು ಫಾಂಟಿನ ನಡುವೆ ಒದ್ದಾಡುತ್ತಿದ್ದೇನೆ. ಹೇಗೆ ತೀರ್ಮಾನ ಮಾಡಲಿ?

ನಿಮ್ಮ ಹೆಸರನ್ನು ಎರಡರಲ್ಲೂ ಟೈಪ್ ಮಾಡಿ. ಅದರ ಕೆಳಗೆ ರಾಷ್ಟ್ರ, ಸ್ತ್ರೀ, ಜ್ಞಾನ, ಕಂಠ, ಅರ್ಧ ಎಂದು ಹಾಕಿ. ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ, ಒಂದು ದೊಡ್ಡದು, ಒಂದು ಉಗುರಿನಷ್ಟು ಚಿಕ್ಕದು. ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಬನ್ನಿ. ಕಣ್ಣು ಕಿರಿದು ಮಾಡಿ ನೋಡಿ. ಯಾವುದರಲ್ಲಿ ಹೊಟ್ಟೆಗಳು ಇನ್ನೂ ತೆರೆದಿವೆಯೋ ಅದನ್ನು ಇಟ್ಟುಕೊಳ್ಳಿ. ಆಮೇಲೆ ಈ ಕೆಲಸಕ್ಕೆ ಸಂಬಂಧವೇ ಇಲ್ಲದ ಯಾರನ್ನಾದರೂ ಕರೆದು ಜೋರಾಗಿ ಓದಿಸಿ. ನಾನು ಈಗಲೂ ಆ ಪಟ್ಟಿಯ ಕೊನೆಗೆ 'ಧನ' ಎಂದು ಸೇರಿಸುತ್ತೇನೆ.